ಕಾಣದ ಅನಿಲಕ್ಕೆ ಡ್ರೋನ್ ನಕ್ಷೆ ಬರೆಯುವುದು ಹೇಗೆ?

ಜನವರಿಯಲ್ಲಿ ಒಂದು ದಿನ ಬೆಳಿಗ್ಗೆ ಆರೂವರೆಗೆ ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಕಡೆ ಹೋಗಿ ನೋಡಿ. ಭಟ್ಟಿಯಿಂದ ಹೊರಟ ಹೊಗೆ ಆಕಾಶಕ್ಕೆ ಹೋಗುವುದೇ ಇಲ್ಲ. ತೆಂಗಿನ ಗರಿಯ ಎತ್ತರಕ್ಕೆ ಏರಿ, ಅಲ್ಲೇ ತಲೆ ಬಗ್ಗಿಸಿ, ಚಾಪೆ ಹಾಸಿದ ಹಾಗೆ ಮನೆಗಳ ಮೇಲೆ ಅಡ್ಡಕ್ಕೆ ಹರಡಿಕೊಳ್ಳುತ್ತದೆ. ಹನ್ನೊಂದು ಗಂಟೆಗೆ ಅದೇ ಜಾಗಕ್ಕೆ ಮತ್ತೆ ಬನ್ನಿ. ಅದೇ ಭಟ್ಟಿ, ಅದೇ ಉರಿ. ಹೊಗೆ ಈಗ ಮೇಲೆ ಕೆಳಗೆ ಬಳುಕುತ್ತಾ ಹೋಗಿ ನೋಡನೋಡುತ್ತಲೇ ಕರಗಿಬಿಡುತ್ತದೆ.

ಹೊಗೆಯಾದರೆ ಕಣ್ಣಿಗೆ ಕಾಣುತ್ತದೆ. ಅದರ ಜೊತೆಗೇ ಹೊರಡುವ ಕಾರ್ಬನ್ ಮಾನಾಕ್ಸೈಡ್ ಕಾಣುವುದಿಲ್ಲ, ಅದಕ್ಕೆ ವಾಸನೆಯೂ ಇಲ್ಲ. ಭತ್ತದ ಹೊಟ್ಟು ಅರೆಬರೆ ಉರಿದಾಗ ಅದು ಜಾಸ್ತಿ ಬರುತ್ತದೆ. ಈ ಭಟ್ಟಿಗಳಲ್ಲಿ ಹಳೇ ಟೈರ್ ಸುಟ್ಟ ದಿನಗಳನ್ನು ಊರಿನವರು ಮರೆತಿಲ್ಲ. ಟೈರಿನ ರಬ್ಬರ್ ಗಟ್ಟಿಯಾಗಲಿ ಅಂತ ಅದಕ್ಕೆ ಗಂಧಕ ಬೆರೆಸಿರುತ್ತಾರೆ. ಸುಟ್ಟಾಗ ಆ ಗಂಧಕ ಸಲ್ಫರ್ ಡೈಆಕ್ಸೈಡ್ ಆಗುತ್ತದೆ. ಗಂಟಲು ಕೆರೆಯುವುದು, ಕಣ್ಣು ಉರಿಯುವುದು ಅದರಿಂದಲೂ.

ಕಾಣದ ಅನಿಲ ಎಲ್ಲಿಂದ ಹೊರಟಿತು? ಯಾರ ಮನೆ ಮೇಲೆ ಹಾದುಹೋಯಿತು? ಎಷ್ಟು ಹೋಯಿತು? ಇದನ್ನು ತಿಳಿಯಲು ಈಗ ಪ್ರಪಂಚದ ಹಲವು ಕಡೆ ಡ್ರೋನ್ ಹಾರಿಸುತ್ತಾರೆ. ಕೊನೆಗೆ ನಮ್ಮ ಮುಂದೆ ಬರುವುದು ಹಸಿರು, ಹಳದಿ, ಕೆಂಪು ಬಣ್ಣದ ಒಂದು ನಕ್ಷೆ. ಅದನ್ನು ನೋಡಿದರೆ ಡ್ರೋನ್ ಮೇಲೆ ನಿಂತು ಅನಿಲದ ಫೋಟೋ ತೆಗೆದುಬಿಟ್ಟಿದೆ ಅನ್ನಿಸುತ್ತದೆ, ಅಲ್ವಾ? ಅನಿಲದ ಫೋಟೋ ತೆಗೆಯುವ ಕ್ಯಾಮೆರಾಗಳೂ ಇವೆ. ಆದರೆ ಇಂಥ ನಕ್ಷೆಗಳಲ್ಲಿ ಹೆಚ್ಚಿನವು ಹಾಗೆ ಆದವಲ್ಲ. ಡ್ರೋನ್ ಅಳೆದದ್ದು ತಾನು ಹಾದುಹೋದ ಒಂದು ಗೆರೆಯ ಮೇಲೆ ಮಾತ್ರ. ಉಳಿದ ಬಣ್ಣವೆಲ್ಲ ಲೆಕ್ಕ ಹಾಕಿ ತುಂಬಿದ್ದು. ಆ ಲೆಕ್ಕದಲ್ಲಿ ಅರ್ಧಕ್ಕಿಂತ ಜಾಸ್ತಿ ಕೆಲಸ ಗಾಳಿಯದ್ದು. ಇದು ಗೊತ್ತಿಲ್ಲದೆ ಇಂಥ ನಕ್ಷೆಯನ್ನು ನಂಬುವುದೂ ತಪ್ಪು, ತಳ್ಳಿಹಾಕುವುದೂ ತಪ್ಪು. ಅದಕ್ಕೇ ಇದನ್ನು ಬಿಡಿಸಿ ಹೇಳಬೇಕು ಅನ್ನಿಸಿತು.

ಒಂದು ಜಾಗದಿಂದ ಹೊರಟು, ಗಾಳಿ ಹೋದ ಕಡೆ ಎಳೆದುಕೊಂಡು ಹೋಗುವ ಅನಿಲಕ್ಕೆ ಪ್ಲೂಮ್ ಅನ್ನುತ್ತಾರೆ. ನಾನು ಬಾಲ ಅನ್ನುತ್ತೇನೆ. ಪಠ್ಯಪುಸ್ತಕದಲ್ಲಿ ಈ ಬಾಲದ ಚಿತ್ರ ಬಲು ನೀಟಾಗಿರುತ್ತದೆ. ಹೊರಟಲ್ಲಿ ಸಣ್ಣ, ದೂರ ಹೋದಂತೆ ಅಗಲ, ನಡುವೆ ದಟ್ಟ, ಅಂಚಿನಲ್ಲಿ ತೆಳು. ಅದು ಹತ್ತಿಪ್ಪತ್ತು ನಿಮಿಷದ ಸರಾಸರಿ ಚಿತ್ರ. ಒಂದೇ ಕ್ಷಣ ಹಿಡಿದು ನೋಡಿದರೆ ಬಾಲ ಹಾಗಿರುವುದಿಲ್ಲ.

ಬೆಣ್ಣೆ ದೋಸೆ ಹೋಟೆಲಿರುವ ರಸ್ತೆಯಲ್ಲಿ ನಡೆದವರಿಗೆಲ್ಲ ಇದು ಗೊತ್ತು. ಐವತ್ತು ಹೆಜ್ಜೆ ದೂರದಲ್ಲೇ ಬೆಣ್ಣೆ ಕಾದ ವಾಸನೆ ಘಮ್ ಅಂತ ಬರುತ್ತದೆ. ನಾಲ್ಕು ಹೆಜ್ಜೆ ಹತ್ತಿರ ಹೋದರೆ ಮಾಯ. ಇನ್ನಷ್ಟು ನಡೆದರೆ ಮತ್ತೆ ಬಂತು, ಈ ಸಲ ಇನ್ನೂ ಜೋರಾಗಿ. ಹತ್ತಿರ ಹೋದಷ್ಟೂ ವಾಸನೆ ಒಂದೇ ಸಮ ಏರುವುದಿಲ್ಲ. ಗಾಳಿಯಲ್ಲಿ ಸಣ್ಣ ದೊಡ್ಡ ಸುಳಿಗಳಿರುತ್ತವೆ. ಅವು ವಾಸನೆಯನ್ನು ಎಳೆ ಎಳೆಯಾಗಿ ಹರಿದು ಒಯ್ಯುತ್ತವೆ. ಒಂದು ಎಳೆಯೊಳಗೆ ದಟ್ಟ, ಅದರಿಂದ ಒಂದು ಗೇಣು ಆಚೆ ಬರೀ ಗಾಳಿ. ಡ್ರೋನಿಗೆ ಕಟ್ಟಿದ ಸೆನ್ಸರ್‌ಗೂ ಹೀಗೇ ಆಗುತ್ತದೆ. ಒಂದು ಸಲ ಹಾದುಹೋದಾಗ ಸೊನ್ನೆ ಬಂತು ಅಂದರೆ ಅಲ್ಲಿ ಅನಿಲ ಇಲ್ಲ ಅಂತ ಅರ್ಥವಲ್ಲ. ಆ ಕ್ಷಣಕ್ಕೆ ಎಳೆ ತಪ್ಪಿತು ಅಷ್ಟೆ.

ಗಂಡು ಪತಂಗ ಕತ್ತಲಲ್ಲಿ ಹೆಣ್ಣನ್ನು ಹುಡುಕುವುದು ಈ ಹರಿದ ಎಳೆಗಳನ್ನೇ ಹಿಡಿದು. ವಾಸನೆ ಸಿಕ್ಕ ಕೂಡಲೇ ಗಾಳಿಗೆ ಎದುರಾಗಿ ನುಗ್ಗುತ್ತದೆ. ತಪ್ಪಿದರೆ ಮುಂದೆ ಹೋಗುವುದನ್ನು ಬಿಟ್ಟು ಅಡ್ಡಡ್ಡ ಓಲಾಡುತ್ತಾ ಮತ್ತೆ ಸಿಗುವವರೆಗೂ ಹುಡುಕುತ್ತದೆ. ಸೋರಿಕೆಯ ಮೂಲ ಹುಡುಕುವ ರೋಬಾಟ್‌ಗಳಿಗೆ, ಡ್ರೋನ್‌ಗಳಿಗೆ ಇದೇ ಉಪಾಯವನ್ನು ಕಲಿಸಿ ನೋಡಿದ್ದಾರೆ. ಆದರೆ ನಕ್ಷೆ ಬೇಕು ಅಂದರೆ ಮೂಲ ಹುಡುಕಿದರಷ್ಟೇ ಸಾಲದು. ಆಗ ಡ್ರೋನನ್ನು ಹೊಲ ಉಳುವ ಹಾಗೆ ಸಾಲು ಸಾಲಾಗಿ ಓಡಿಸುತ್ತಾರೆ.

ಎಲೆಕ್ಟ್ರಾನಿಕ್ಸ್ ಕಲಿಸುವುದು ನನ್ನ ಕೆಲಸ. ಮೂರು ವರ್ಷದ ಹಿಂದೆ ನಾಲ್ಕು ಹುಡುಗರನ್ನು ಕಟ್ಟಿಕೊಂಡು ಚಿತ್ರದುರ್ಗದ ಹತ್ತಿರ ಪರಿಚಯದವರ ಹೊಲದಲ್ಲಿ ಇದನ್ನು ಮಾಡಿ ನೋಡಿದೆವು. ಒಂದು ಬುಟ್ಟಿ ಹಸಿ ಹುಲ್ಲಿಗೆ ಬೆಂಕಿ ಹಚ್ಚಿ ಹೊಗೆ ಎಬ್ಬಿಸಿದೆವು. ಡ್ರೋನಿನ ಹೊಟ್ಟೆಯ ಕೆಳಗೆ ಸೆನ್ಸರ್ ಕಟ್ಟಿದ್ದೆವು. ಹೊಗೆಯ ನಡುವೆಯೇ ಅದನ್ನು ತಂದು ನಿಲ್ಲಿಸಿದೆವು. ಫೋನಿನ ಪರದೆ ಮೇಲೆ ಗೆರೆ ಅಲುಗಲೇ ಇಲ್ಲ. ಸೆನ್ಸರ್ ಕೆಟ್ಟಿದೆ ಅಂದುಕೊಂಡು ಇಳಿಸಿ, ಬಿಚ್ಚಿ, ಕೈಯಲ್ಲಿ ಹಿಡಿದು ಹೊಗೆಗೆ ಒಡ್ಡಿದೆವು. ಗೆರೆ ಸರ್ರನೆ ಮೇಲೆ ಹೋಯಿತು.

ಮತ್ತೆ ಕಟ್ಟಿ ಹಾರಿಸಿದಾಗ ಒಬ್ಬ ಹುಡುಗ ಕೆಳಗೆ ಕೂತು ನೋಡುತ್ತಿದ್ದ. ಅವನಿಗೆ ಕಂಡಿತು. ಡ್ರೋನ್ ಬಂದ ಕೂಡಲೇ ಅದರ ಕೆಳಗಿನ ಹೊಗೆ ದೂರ ಸರಿಯುತ್ತಿತ್ತು. ನಲ್ಲಿಯ ನೀರು ಬಿದ್ದಲ್ಲಿ ಕೊಳೆ ಸರಿದು ಬಿಳಿ ವೃತ್ತ ಆಗುತ್ತದಲ್ಲ, ಹಾಗೆ. ಡ್ರೋನ್ ಮೇಲೆ ನಿಲ್ಲುವುದೇ ಗಾಳಿಯನ್ನು ಕೆಳಕ್ಕೆ ತಳ್ಳಿ. ಎರಡು ಕೆಜಿ ತೂಕದ ಡ್ರೋನ್ ನಿಂತಲ್ಲೇ ನಿಲ್ಲಲು ಸೆಕೆಂಡಿಗೆ ಹಲವು ಮೀಟರ್ ವೇಗದಲ್ಲಿ ಗಾಳಿಯನ್ನು ಕೆಳಗೆ ನೂಕುತ್ತಲೇ ಇರಬೇಕು. ನಮ್ಮ ಸೆನ್ಸರ್ ಉಸಿರಾಡುತ್ತಿದ್ದದ್ದು ಮೇಲಿಂದ ಬಂದ ಶುದ್ಧ ಗಾಳಿಯನ್ನು! ಅಳೆಯಲು ಹೋದದ್ದನ್ನು ಅಳೆಯುವ ಮೊದಲೇ ಚದುರಿಸುತ್ತಿದ್ದೆವು.

ಈ ತೊಂದರೆಗೆ ಮೂರ್ನಾಲ್ಕು ದಾರಿಗಳಿವೆ. ಸೆನ್ಸರನ್ನು ರೆಕ್ಕೆಗಳ ಮೇಲೆ ಎತ್ತರದಲ್ಲಿ ಇಡಬಹುದು. ಉದ್ದನೆಯ ಕಡ್ಡಿ ಕಟ್ಟಿ, ಡ್ರೋನಿನ ಮುಂದೆ, ಅದು ಕಲಕದ ಗಾಳಿಗೆ ಚಾಚಬಹುದು. ಇಲ್ಲವೇ ಸಣ್ಣ ಪೈಪಿನ ಬಾಯನ್ನು ದೂರಕ್ಕೆ ಬಿಟ್ಟು, ಪುಟ್ಟ ಪಂಪಿನಿಂದ ಗಾಳಿ ಎಳೆದುಕೊಳ್ಳಬಹುದು. ನಾವು ಹಗುರವಾದ ಕಡ್ಡಿಯ ತುದಿಗೆ ಕಟ್ಟಿದೆವು. ತೂಕ ಮುಂದಕ್ಕೆ ವಾಲದಂತೆ ಹಿಂದಕ್ಕೆ ಬ್ಯಾಟರಿ ಸರಿಸಬೇಕಾಯಿತು. ಆಮೇಲೆ ಗೆರೆ ಅಲುಗಿತು.

ಸೆನ್ಸರ್ ವಿಷಯ ಬಂದಾಗ ಒಂದು ಎಚ್ಚರಿಕೆ ಹೇಳಲೇಬೇಕು. ಕಾಲೇಜು ಹುಡುಗರು ಪ್ರಾಜೆಕ್ಟಿಗೆ ತರುವ ಎಂಕ್ಯೂ ಸೆನ್ಸರ್‌ಗಳು ಅಗ್ಗ. ಒಳಗೆ ಬಿಸಿ ಮಾಡಿದ ಟಿನ್ ಆಕ್ಸೈಡ್ ಪದರ ಇರುತ್ತದೆ. ಅನಿಲ ತಾಗಿದರೆ ಅದರ ವಿದ್ಯುತ್ ತಡೆ ಬದಲಾಗುತ್ತದೆ. ಆದರೆ ಅದಕ್ಕೆ ಒಂದು ಅನಿಲಕ್ಕೂ ಇನ್ನೊಂದಕ್ಕೂ ಸರಿಯಾಗಿ ವ್ಯತ್ಯಾಸ ಗೊತ್ತಾಗುವುದಿಲ್ಲ. ಮೀಥೇನಿಗೂ ಏಳುತ್ತದೆ, ಸ್ಯಾನಿಟೈಸರ್ ಆವಿಗೂ ಏಳುತ್ತದೆ. ಗಾಳಿಯ ತೇವ ಬದಲಾದರೂ ಅಂಕಿ ಬದಲಾಗುತ್ತದೆ. ಹೊಗೆ ಇದೆಯೋ ಇಲ್ಲವೋ ಅನ್ನಲು ಸಾಕು. ಇಷ್ಟೇ ಇದೆ ಅಂತ ಊರಿನ ಮುಂದೆ ಹೇಳಲು ಸಾಲದು. ಕಾರ್ಬನ್ ಮಾನಾಕ್ಸೈಡ್, ಸಲ್ಫರ್ ಡೈಆಕ್ಸೈಡ್, ಹೈಡ್ರೋಜನ್ ಸಲ್ಫೈಡ್‌ಗೆ ಎಲೆಕ್ಟ್ರೋಕೆಮಿಕಲ್ ಸೆನ್ಸರ್, ಅಂದರೆ ರಾಸಾಯನಿಕ ಕ್ರಿಯೆಯಿಂದ ಹುಟ್ಟುವ ವಿದ್ಯುತ್ತನ್ನು ಅಳೆಯುವಂಥದ್ದು, ವಾಸಿ. ಕಾರ್ಬನ್ ಡೈಆಕ್ಸೈಡ್‌ಗೆ ಇನ್‌ಫ್ರಾರೆಡ್ ಬೆಳಕಿನದ್ದು.

ಮೀಥೇನ್ ಹುಡುಕುವವರು ಲೇಸರ್ ಬಳಸುತ್ತಾರೆ. ಸುಮಾರು 1,653 ನ್ಯಾನೊಮೀಟರ್ ಅಲೆಯುದ್ದದ ಬೆಳಕನ್ನು ಮೀಥೇನ್ ಹೀರಿಕೊಳ್ಳುತ್ತದೆ. ಡ್ರೋನಿನಿಂದ ಆ ಬೆಳಕನ್ನು ನೆಲಕ್ಕೆ ಬಿಟ್ಟು, ನೆಲ ತಾಗಿ ವಾಪಸ್ ಬಂದದ್ದು ಎಷ್ಟು ಕಡಿಮೆಯಾಗಿದೆ ಅಂತ ನೋಡುತ್ತಾರೆ. ಇದರ ದೊಡ್ಡ ಅನುಕೂಲ ಅಂದರೆ ಅನಿಲದೊಳಗೆ ಹೋಗಬೇಕಾಗಿಯೇ ಇಲ್ಲ, ರೆಕ್ಕೆಯ ಗಾಳಿಯ ಕಾಟವೂ ಕಡಿಮೆ. ಒಂದು ಕೊರತೆ ಇದೆ. ಬೆಳಕು ಹೋಗಿ ಬಂದ ಇಡೀ ದಾರಿಯಲ್ಲಿ ಒಟ್ಟು ಎಷ್ಟಿತ್ತು ಅಂತ ಮಾತ್ರ ಅದು ಹೇಳುತ್ತದೆ. ಹತ್ತು ಮೀಟರ್ ಉದ್ದಕ್ಕೂ ತೆಳ್ಳಗೆ ಹರಡಿದೆಯೋ, ಒಂದೇ ಮೀಟರಿನಲ್ಲಿ ದಟ್ಟವಾಗಿ ಕೂತಿದೆಯೋ ಹೇಳುವುದಿಲ್ಲ. ಭದ್ರಾ ನಾಲೆಯ ನೀರು ನಿಂತ ಭತ್ತದ ಗದ್ದೆಗಳಿಂದಲೂ ಮೀಥೇನ್ ಬರುತ್ತದೆ. ಕೆಸರಿನಲ್ಲಿ ಆಮ್ಲಜನಕ ಇಲ್ಲದ ಕಡೆ ಬದುಕುವ ಸೂಕ್ಷ್ಮಜೀವಿಗಳು ಅದನ್ನು ಮಾಡುತ್ತವೆ. ಅಲ್ಲಿ ಈ ಲೇಸರ್ ಹಾಯಿಸಿದರೆ ನಿಂತ ನೀರು ಬೆಳಕನ್ನು ಸರಿಯಾಗಿ ವಾಪಸ್ ಕೊಡುವುದಿಲ್ಲ. ಒಂದೊಂದು ಜಾಗಕ್ಕೆ ಒಂದೊಂದು ಸಾಧನ ಬೇಕು.

ಇನ್ನು ತಡ ಆಗುವ ವಿಷಯ. ಅನಿಲ ತಾಗಿದ ಕೂಡಲೇ ಸೆನ್ಸರ್ ಪೂರ್ತಿ ಅಂಕಿ ತೋರಿಸುವುದಿಲ್ಲ. ಕೆಲವಕ್ಕೆ ಹತ್ತು ಸೆಕೆಂಡ್, ಕೆಲವಕ್ಕೆ ಅರ್ಧ ನಿಮಿಷ ಬೇಕು. ಡ್ರೋನ್ ಸೆಕೆಂಡಿಗೆ ಐದು ಮೀಟರ್ ಹೋಗುತ್ತಿದ್ದರೆ ಹತ್ತು ಸೆಕೆಂಡಿಗೆ 50 ಮೀಟರ್ ಮುಂದೆ ಹೋಗಿರುತ್ತದೆ. ಭಟ್ಟಿಯ ಹೊಗೆಯನ್ನು ಅದು ಪಕ್ಕದ ಬೀದಿಯ ಮೇಲೆ ಬರೆದಿರುತ್ತದೆ. ಹುಡುಗರು ಮಾಡಿದ ಮೊದಲ ನಕ್ಷೆಯಲ್ಲಿ ಕೆಂಪು ಚುಕ್ಕೆಗಳು ಬಾಚಣಿಗೆ ಹಲ್ಲಿನ ಹಾಗೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಇದ್ದವು. ಎರಡು ಕಡೆ ಬೆಂಕಿ ಇದ್ದ ಹಾಗೆ ಕಾಣುತ್ತಿತ್ತು. ಬೆಂಕಿ ಇದ್ದದ್ದು ಒಂದೇ. ಹೋಗುವಾಗ ಅದರಾಚೆ, ಬರುವಾಗ ಈಚೆ ಅಂಕಿ ಬಿದ್ದಿತ್ತು. ಎರಡರ ನಡುವೆ ನಿಜವಾದ ಜಾಗ. ಇದನ್ನು ಲೆಕ್ಕದಲ್ಲಿ ಸರಿಮಾಡಬಹುದು. ನಿಧಾನ ಹಾರಿಸಿದರೆ ಇನ್ನೂ ಒಳ್ಳೆಯದು. ಆದರೆ ಬ್ಯಾಟರಿ ಇಪ್ಪತ್ತು ನಿಮಿಷಕ್ಕೆ ಮುಗಿಯುತ್ತದೆ.

ಇಲ್ಲಿಂದ ಮುಂದೆ ಗಾಳಿಯ ಕಥೆ. ಊರಾಚೆ ಒಂದು ಕಸದ ಗುಡ್ಡ ಇದೆ ಅಂದುಕೊಳ್ಳಿ. ಒಳಗೆ ಕೊಳೆತು ಮೀಥೇನ್ ಹೊರಡುತ್ತಿದೆ. ಎಷ್ಟು ಹೊರಡುತ್ತಿದೆ ಅಂತ ತಿಳಿಯಬೇಕು. ಗುಡ್ಡದಿಂದ ಆಚೆ, ಗಾಳಿ ಹೋಗುವ ಕಡೆ, ಡ್ರೋನನ್ನು ಅಡ್ಡಡ್ಡ ಓಡಿಸುತ್ತಾ ಸಾಲಿನಿಂದ ಸಾಲಿಗೆ ಎತ್ತರ ಏರಿಸುತ್ತಾರೆ. ಗಾಳಿಗೆ ಅಡ್ಡಲಾಗಿ ಒಂದು ಪರದೆ ಇಳಿಬಿಟ್ಟ ಹಾಗೆ. ಪರದೆ 100 ಮೀಟರ್ ಅಗಲ, 40 ಮೀಟರ್ ಎತ್ತರ ಇರಲಿ. ಅಂದರೆ 4,000 ಚದರ ಮೀಟರ್. ಗಾಳಿ ಸೆಕೆಂಡಿಗೆ 3 ಮೀಟರ್ ಇದ್ದರೆ, ಪ್ರತಿ ಸೆಕೆಂಡಿಗೆ 12,000 ಘನ ಮೀಟರ್ ಗಾಳಿ ಈ ಪರದೆಯನ್ನು ದಾಟುತ್ತದೆ. ಎಲ್ಲಾ ಕಡೆಯ ಗಾಳಿಯಲ್ಲೂ ಸುಮಾರು 1.9 ಪಿಪಿಎಂ ಮೀಥೇನ್ ಇದ್ದೇ ಇರುತ್ತದೆ, ಅಂದರೆ ಹತ್ತು ಲಕ್ಷದಲ್ಲಿ ಹೆಚ್ಚೂಕಡಿಮೆ ಎರಡು ಪಾಲು. ಹಾಗಾಗಿ ಗುಡ್ಡದ ಈಚೆಯೂ ಒಂದು ಸಲ ಅಳೆದು ಅದನ್ನು ಕಳೆಯಬೇಕು. ಕಳೆದ ಮೇಲೆ ಪರದೆಯಲ್ಲಿ ಸರಾಸರಿ 1 ಪಿಪಿಎಂ ಜಾಸ್ತಿ ಉಳಿಯಿತು ಅನ್ನಿ. 12,000 ಘನ ಮೀಟರಿನಲ್ಲಿ ಹತ್ತು ಲಕ್ಷಕ್ಕೆ ಒಂದು ಪಾಲು ಅಂದರೆ ಸೆಕೆಂಡಿಗೆ 12 ಲೀಟರ್ ಮೀಥೇನ್. ತೂಕದಲ್ಲಿ ಸುಮಾರು 8 ಗ್ರಾಂ. ಗಂಟೆಗೆ 28 ಕೆಜಿ ಚಿಲ್ಲರೆ. ಮನೆಯ ಸಿಲಿಂಡರಿನಲ್ಲಿ 14.2 ಕೆಜಿ ಗ್ಯಾಸ್ ಇರುತ್ತದೆ. ಎರಡು ಸಿಲಿಂಡರಿನಷ್ಟು ತೂಕ ಗಂಟೆಗಂಟೆಗೂ ಗಾಳಿಗೆ ಹೋಗುತ್ತಿದೆ ಅಂತಾಯಿತು. ಬರೀ 1 ಪಿಪಿಎಂ ಅಂದಾಗ ಏನೂ ಅಲ್ಲ ಅನ್ನಿಸಿತ್ತು ಅಲ್ವಾ?

ಈಗ ಗಾಳಿಯ ವೇಗವನ್ನು 3ರ ಬದಲು 4 ಅಂತ ತಪ್ಪಾಗಿ ಹಿಡಿದಿದ್ದರೆ? ಸೆನ್ಸರ್ ಎಷ್ಟೇ ದುಬಾರಿಯದ್ದಾಗಿರಲಿ, ಉತ್ತರ ಮೂರನೇ ಒಂದು ಭಾಗ ಜಾಸ್ತಿ ಬರುತ್ತದೆ. ನೆಲದ ಹತ್ತಿರದ ಗಾಳಿಯೇ ಬೇರೆ, 40 ಮೀಟರ್ ಎತ್ತರದ್ದೇ ಬೇರೆ. ಚಿತ್ರದುರ್ಗದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಗುಡ್ಡದ ನೆತ್ತಿಯ ಮೇಲೆ ಅಷ್ಟೆತ್ತರದ ಗಾಳಿಯಂತ್ರ ನಿಲ್ಲಿಸಿದ್ದು ಸುಮ್ನೆ ಅಲ್ಲ. ಕೆಳಗೆ ಹೊಲದಲ್ಲಿ ಎಲೆ ಅಲುಗದಿದ್ದಾಗಲೂ ಮೇಲೆ ಅವು ತಿರುಗುತ್ತಿರುತ್ತವೆ. ಗುಡ್ಡ ಇದ್ದಲ್ಲಿ ಇನ್ನೊಂದು ತೊಡಕಿದೆ. ಗುಡ್ಡ ದಾಟಿದ ಗಾಳಿ ಅದರ ಬೆನ್ನಿಗೆ ಸುತ್ತಿಕೊಂಡು ವಾಪಸ್ ಬರುತ್ತದೆ. ಆ ಸುಳಿಗೆ ಸಿಕ್ಕ ಅನಿಲ ಗಾಳಿಯ ದಿಕ್ಕಿಗೆ ಉಲ್ಟಾ ಹೋದ ಹಾಗೆ ಕಾಣುತ್ತದೆ. ಹಾಗಾಗಿ ಕಂಬ ನೆಟ್ಟು ಒಂದು ಕಡೆ ಗಾಳಿ ಅಳೆದರೆ ಸಾಲದು. ಡ್ರೋನ್ ತಾನೇ ಗಾಳಿ ಅಳೆಯುವ ಜಾಣ ದಾರಿ ಒಂದಿದೆ. ಗಾಳಿಗೆ ಎದುರಾಗಿ ನಿಂತಲ್ಲೇ ನಿಲ್ಲಲು ಅದು ಗಾಳಿಯ ಕಡೆಗೆ ಸ್ವಲ್ಪ ಬಾಗಲೇಬೇಕು. ಹೊಳೆ ದಾಟುವವನು ಹರಿವಿಗೆ ಎದುರು ಬಾಗಿದ ಹಾಗೆ. ಎಷ್ಟು ಬಾಗಿದೆ ಅನ್ನುವುದರಿಂದ ಗಾಳಿಯ ವೇಗ, ದಿಕ್ಕು ಎರಡನ್ನೂ ಅಂದಾಜು ಮಾಡಬಹುದು.

ಅಳೆದ ಸಾಲುಗಳ ನಡುವಿನ ಖಾಲಿ ಜಾಗಕ್ಕೆ ಬಣ್ಣ ತುಂಬುವುದು ಹೇಗೆ? ಇದಕ್ಕೆ ಹೆಚ್ಚಾಗಿ ಬಳಸುವ ಒಂದು ಲೆಕ್ಕದ ಹೆಸರು ಕ್ರಿಗಿಂಗ್. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲಿ ಕೆಲಸ ಮಾಡಿದ ಡ್ಯಾನಿ ಕ್ರಿಗೆ ಅನ್ನುವವರ ಹೆಸರಿನಿಂದ ಬಂದದ್ದು. ಅಲ್ಲಲ್ಲಿ ಬೋರ್ ಕೊರೆದು ತೆಗೆದ ಮಾದರಿಗಳಿಂದ ನಡುವಿನ ಅದಿರನ್ನು ಅಂದಾಜು ಮಾಡುವುದು. ಇಂಗಳದಾಳದಲ್ಲಿ ತಾಮ್ರದ ಗಣಿ ಕಂಡ ನಮಗೆ ಆ ಕೆಲಸ ಅರ್ಥವಾಗುತ್ತದೆ. ಆದರೆ ಅದಿರು ಇದ್ದಲ್ಲೇ ಇರುತ್ತದೆ. ಇವತ್ತು ಕೊರೆದರೂ ಅಲ್ಲೇ, ಮುಂದಿನ ವರ್ಷವೂ ಅಲ್ಲೇ. ಅನಿಲ ಹಾಗಲ್ಲ. ಡ್ರೋನ್ ಇಪ್ಪತ್ತು ನಿಮಿಷ ಹಾರುವಷ್ಟರಲ್ಲಿ, ಸೆಕೆಂಡಿಗೆ 3 ಮೀಟರ್ ಗಾಳಿಯಲ್ಲಿ, ಮೊದಲು ಅಳೆದ ಅನಿಲ ಮೂರೂವರೆ ಕಿಲೋಮೀಟರ್ ಆಚೆ ಹೋಗಿರುತ್ತದೆ. ನಕ್ಷೆಯ ಒಂದು ಮೂಲೆ ಎಂಟು ಗಂಟೆಯದ್ದು, ಇನ್ನೊಂದು ಮೂಲೆ ಎಂಟೂ ಇಪ್ಪತ್ತರದ್ದು.

ಈ ಕಾರಣಕ್ಕೆ ಅನಿಲಕ್ಕೇ ಅಂತ ಬೇರೆ ಲೆಕ್ಕಗಳನ್ನು ಕಟ್ಟಿದ್ದಾರೆ. ಸ್ವೀಡನ್ನಿನ ಓರೆಬ್ರೂ ವಿಶ್ವವಿದ್ಯಾಲಯದಲ್ಲಿ ಆಖಿಮ್ ಲಿಲಿಯೆಂಥಾಲ್ ಮತ್ತು ಜೊತೆಗಾರರು ಮಾಡಿದ ಕೆಲಸ ನನಗೆ ಬಹಳ ಹಿಡಿಸಿದ್ದು. ಅವರು ಪ್ರತಿ ಜಾಗದಲ್ಲಿ ಸರಾಸರಿ ಅನಿಲ ಎಷ್ಟು ಅಂತ ಮಾತ್ರ ಬರೆಯುವುದಿಲ್ಲ. ಅಲ್ಲಿ ಅಂಕಿ ಎಷ್ಟು ಏರುಪೇರಾಗುತ್ತಿದೆ ಅಂತಲೂ ಇನ್ನೊಂದು ನಕ್ಷೆ ಬರೆಯುತ್ತಾರೆ. ಮೂಲದ ಹತ್ತಿರ ಎಳೆಗಳು ಇನ್ನೂ ಬೆರೆತಿರುವುದಿಲ್ಲ. ಒಮ್ಮೆ ಬಹಳ, ಒಮ್ಮೆ ಏನೂ ಇಲ್ಲ. ದೂರ ಹೋದಂತೆ ಬೆರೆತು ಸಮ ಆಗುತ್ತದೆ. ಹಾಗಾಗಿ ಏರುಪೇರು ಜಾಸ್ತಿ ಇದ್ದ ಕಡೆ ಮೂಲ ಇರುವ ಸಾಧ್ಯತೆ ಜಾಸ್ತಿ. ಜೊತೆಗೆ ಗಾಳಿಯ ದಿಕ್ಕು ಗೊತ್ತಿದ್ದರೆ, ಪ್ರತಿ ಅಳತೆಯ ಪ್ರಭಾವವನ್ನು ದುಂಡಗೆ ಹರಡುವ ಬದಲು ಗಾಳಿಯ ಉದ್ದಕ್ಕೆ ಎಳೆದು ಹರಡುತ್ತಾರೆ.

ಮನುಷ್ಯ ಹೋಗಲಾಗದ ಕಡೆ ಡ್ರೋನಿನ ಬೆಲೆ ಗೊತ್ತಾಗುತ್ತದೆ. ಪಪುವಾ ನ್ಯೂಗಿನಿಯ ಮಾನಮ್ ಜ್ವಾಲಾಮುಖಿಯ ಬಾಲದೊಳಗೆ 2019ರಲ್ಲಿ ಡ್ರೋನ್ ಕಳಿಸಿ ಅನಿಲ ಅಳೆದರು. ಆ ಬೆಟ್ಟದ ಕಡಿದಾದ ಮೈ ಹತ್ತಿ ಬಾಯಿಯ ಹತ್ತಿರ ಹೋಗುವುದು ಪ್ರಾಣಕ್ಕೇ ಅಪಾಯ. ನಮ್ಮ ಕಡೆ ಜ್ವಾಲಾಮುಖಿ ಇಲ್ಲ. ಆದರೆ ರಾಷ್ಟ್ರೀಯ ಹೆದ್ದಾರಿ 48 ಚಿತ್ರದುರ್ಗ, ದಾವಣಗೆರೆ ಎರಡನ್ನೂ ಹಾದುಹೋಗುತ್ತದೆ. ಅದರ ಮೇಲೆ ಗ್ಯಾಸ್ ಟ್ಯಾಂಕರ್‌ಗಳು ಓಡಾಡುತ್ತವೆ. ಒಂದು ಉರುಳಿ ಸೋರಿತು ಅಂದರೆ ಎಲ್‌ಪಿಜಿ ಗಾಳಿಗಿಂತ ಭಾರ. ಹರಡುವುದು ಮೇಲಕ್ಕಲ್ಲ, ರಸ್ತೆ ಪಕ್ಕದ ಚರಂಡಿಗೆ, ತಗ್ಗಿಗೆ, ಸೇತುವೆ ಕೆಳಗೆ. ಗಾಳಿಯಲ್ಲಿ ಶೇಕಡ 2ರಷ್ಟು ಸೇರಿದರೂ ಒಂದು ಕಿಡಿ ಸಾಕು. ಯಾವ ಹಳ್ಳಿಯವರನ್ನು ಮೊದಲು ಏಳಿಸಬೇಕು, ಯಾವ ಕಡೆಯಿಂದ ಅಗ್ನಿಶಾಮಕ ವಾಹನ ಬರಬೇಕು ಅಂತ ಆ ಹೊತ್ತಿನಲ್ಲಿ ತಿಳಿಯಬೇಕು. ಡ್ರೋನ್ ಇದನ್ನು ಹೇಳಬಲ್ಲದು. ಆದರೆ ಮಾಮೂಲಿ ಡ್ರೋನನ್ನು ಆ ಮೋಡದೊಳಗೆ ಬಿಡಲೇಬಾರದು. ಅದರ ಬ್ಯಾಟರಿ, ಮೋಟಾರು, ತಂತಿಯ ಒಂದು ಸಡಿಲ ಜೋಡಣೆ, ಯಾವುದಾದರೂ ಕಿಡಿ ಹಾರಿಸಬಹುದು. ಗಾಳಿ ಬರುವ ಕಡೆ ಎತ್ತರದಲ್ಲಿ ನಿಂತು ದೂರದಿಂದಲೇ ಅನಿಲದ ಫೋಟೋ ತೆಗೆಯುವ ಕ್ಯಾಮೆರಾ ಹಾಯಿಸಿ ನೋಡಬೇಕು.

ಮತ್ತೆ ಬೆಳಗಿನ ಆರೂವರೆಗೆ ಬರೋಣ. ರಾತ್ರಿ ಆಕಾಶ ತಿಳಿಯಾಗಿದ್ದರೆ ನೆಲ ಬೇಗ ತಣಿಯುತ್ತದೆ. ನೆಲಕ್ಕೆ ಅಂಟಿದ ಗಾಳಿ ತಣ್ಣಗೆ, ಅದರ ಮೇಲಿನದ್ದು ಬೆಚ್ಚಗೆ. ಮಾಮೂಲಿಗೆ ಉಲ್ಟಾ. ತಣ್ಣನೆ ಗಾಳಿ ಭಾರ, ಅದು ಏಳುವುದಿಲ್ಲ. ಮೇಲಿನ ಬೆಚ್ಚಗಿನ ಪದರ ಮುಚ್ಚಳದ ಹಾಗೆ ಕೂರುತ್ತದೆ. ಆ ಮುಚ್ಚಳದ ಕೆಳಗೆ ಹೊರಟ ಹೊಗೆ ಅಲ್ಲೇ ಸುತ್ತಾಡುತ್ತದೆ. ಬಿಸಿಲು ಏರಿ ನೆಲ ಕಾದ ಮೇಲೆ ಮುಚ್ಚಳ ಒಡೆಯುತ್ತದೆ. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ಸೋರಿದ ಮೀಥೈಲ್ ಐಸೊಸಯನೇಟ್ ಗಾಳಿಗಿಂತ ಭಾರ. ಚಳಿಗಾಲದ ರಾತ್ರಿ, ಜನ ಮಲಗಿದ್ದರು. ಅದು ಮೇಲೇರಿ ಚದುರದೆ ಗುಡಿಸಲುಗಳ ಎತ್ತರದಲ್ಲೇ ಹರಿಯಿತು.

ಡ್ರೋನ್ ಅಳತೆಗಳಲ್ಲಿ ನನಗೆ ಅತಿ ಬೇಸರ ತರಿಸುವುದು ಇದೇ ವಿಷಯ. ಅನುಕೂಲ ನೋಡಿಕೊಂಡು, ಆ ಮುಚ್ಚಳ ಒಡೆದ ಮೇಲೆ, ಮಧ್ಯಾಹ್ನ ಬಂದು ಹಾರಿಸುತ್ತಾರೆ. ಬೆಳಕು ಚೆನ್ನಾಗಿರುತ್ತದೆ, ಎಲ್ಲರೂ ಕೆಲಸಕ್ಕೆ ಬಂದಿರುತ್ತಾರೆ. ಅಂಕಿ ಕಡಿಮೆ ಬರುತ್ತದೆ. ಅದೇ ವರದಿಯಾಗುತ್ತದೆ. ನಸುಕಿನಲ್ಲಿ ಮಗುವಿನ ಕೆಮ್ಮು ಕೇಳಿ ಎದ್ದ ತಾಯಿಗೆ ಆ ವರದಿ ತೋರಿಸಿ ಎಲ್ಲಾ ಸರಿ ಇದೆ ಅನ್ನುವುದು ಅನ್ಯಾಯ. ಭಟ್ಟಿಯಲ್ಲಿ ಸುಡುಮರಳಿನ ಮುಂದೆ ನಿಂತು ಮಂಡಕ್ಕಿ ಹುರಿಯುವವರಿಗೂ ಅನ್ಯಾಯ. ಆ ಹೊಗೆ ಮೊದಲು ಹೋಗುವುದು ಅವರ ಎದೆಗೇ.

ಹಾರಿಸುವವರು ಮೊದಲು ಸರ್ಕಾರದ ಡಿಜಿಟಲ್ ಸ್ಕೈ ತಾಣದಲ್ಲಿ ಎಲ್ಲಿ ಹಾರಿಸಬಹುದು ಅಂತ ತೋರಿಸುವ ನಕ್ಷೆ ನೋಡಿಕೊಳ್ಳಬೇಕು. 2021ರ ಡ್ರೋನ್ ನಿಯಮಗಳ ಪ್ರಕಾರ ಹಸಿರು ವಲಯದಲ್ಲಿ 400 ಅಡಿಯವರೆಗೆ ಅವಕಾಶ ಇದೆ. ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ಚಳ್ಳಕೆರೆ ಕಡೆ ಡಿಆರ್‌ಡಿಒದ ವಿಮಾನ ಪರೀಕ್ಷಾ ವಲಯ ಇದೆ, ದೊಡ್ಡ ದೊಡ್ಡ ಮಾನವರಹಿತ ವಿಮಾನಗಳನ್ನು ಪರೀಕ್ಷಿಸುವುದು ಅಲ್ಲೇ. ಆ ಕಡೆ ಹೋಗುವವರು ಇನ್ನೂ ಎಚ್ಚರವಾಗಿರಬೇಕು.

ಈ ಚಳಿಗಾಲಕ್ಕೆ ನಾವು ಹುಡುಗರ ಜೊತೆ ಮತ್ತೆ ತಯಾರಾಗುತ್ತಿದ್ದೇವೆ. ಭಟ್ಟಿಯವರನ್ನೂ ಅಕ್ಕಪಕ್ಕದ ಮನೆಯವರನ್ನೂ ಮೊದಲೇ ಕೇಳಿ, ಅವರ ಒಪ್ಪಿಗೆ ಪಡೆದು, ಬೆಳಕು ಹರಿದ ಕೂಡಲೇ ಒಂದು ಸಲ, ಹನ್ನೊಂದಕ್ಕೆ ಇನ್ನೊಂದು ಸಲ ಹಾರಿಸುವುದು. ಎರಡು ನಕ್ಷೆಯ ಮೇಲೂ ಸಮಯ, ಗಾಳಿಯ ವೇಗ, ದಿಕ್ಕು ದಪ್ಪ ಅಕ್ಷರದಲ್ಲಿ ಬರೆಯುವುದು. ಡ್ರೋನ್ ಮನೆಗಳ ಸಂದಿಯಲ್ಲಿ ಇಳಿಯಲಾರದು, ಅದು ಅಳೆಯುವುದು ಛಾವಣಿಯ ಮೇಲಿನದ್ದು. ಅದಕ್ಕೆ ಹುಡುಗಿಯೊಬ್ಬಳು ಒಂದು ಮಾತು ಹೇಳಿದಳು, ಅದನ್ನೂ ಸೇರಿಸಿದ್ದೇವೆ. ಗಲ್ಲಿಯ ಮೂರು ಮನೆಗಳ ಬಾಗಿಲ ಪಕ್ಕ, ಮೂರಡಿ ಎತ್ತರದಲ್ಲಿ, ಅಂಗಳದಲ್ಲಿ ಆಡುವ ಮಗುವಿನ ಮೂಗಿನ ಮಟ್ಟಕ್ಕೆ ಒಂದೊಂದು ಸೆನ್ಸರ್ ಡಬ್ಬಿ ಕಟ್ಟುವುದು.